ಅಕ್ಕ ಮೊದಲು ಉಂಡ ದಿನ

ಬೆಳಿಗ್ಗೆ ತಳ್ಳುಗಾಡಿಯವನ ಹತ್ತಿರ ಸೊಗಡಿನ ಅವರೆಕಾಯಿ ಕೊಂಡೆ. ಚಳಿಗಾಲ ಬಂತೆಂದರೆ ಚಿಕ್ಕಬಳ್ಳಾಪುರದ ನಮ್ಮ ಬೀದಿಗೆಲ್ಲ ಅದೇ ವಾಸನೆ. ಸುಲಿದು ಮುಗಿಸಿ ಸೋಪು ಹಾಕಿ ಉಜ್ಜಿದರೂ ಬೆರಳಿನ ಜಿಗುಟು ಹೋಗಲಿಲ್ಲ. ಕೈಯನ್ನು ಮೂಗಿಗೆ ಹಿಡಿದೆ... ಅವರೆ ವಾಸನೆಗೆ ಯಾರಿಗಾದರೂ ಹೊಲ ನೆನಪಾಗಬೇಕು. ನನಗೆ ನೆನಪಾಗುವುದು ಸಮುದ್ರ, ಅದೂ ಪರದೇಶದ ಸಮುದ್ರ. ಅದರ ದಂಡೆಯಲ್ಲಿ ಒರಗುಕುರ್ಚಿಯ ಮೇಲೆ ಸೀರೆಯ ನೆರಿಗೆ ಮಂಡಿಗೆ ಸಿಕ್ಕಿಸಿಕೊಂಡು, ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು, ನೆನೆಸಿದ ಅವರೆಕಾಳು ಹಿತಕುತ್ತ ಕೂತಿದ್ದ ನಮ್ಮಕ್ಕ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ವಾರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ನಾವು ನೌಕರಿಯ ನೆಪದಲ್ಲಿ ಪೇಟೆ ಸೇರಿದೆವು. ಅಕ್ಕ, ಭಾವ ಮೇಲೂರಿನಲ್ಲೇ ಉಳಿದು ಹಿಪ್ಪುನೇರಳೆ ತೋಟ, ರೇಷ್ಮೆಹುಳು ಎರಡನ್ನೂ ನೋಡಿಕೊಂಡರು. ಹುಳು ಸಾಕುವ ಮನೆಯಲ್ಲಿ ಊಟದ ಸರದಿ ಮೊದಲೇ ಗೊತ್ತಾಗಿರುತ್ತದೆ. ಮೊದಲು ಹುಳುವಿಗೆ ಸೊಪ್ಪು, ಆಮೇಲೆ ಗಂಡಸರಿಗೆ, ಆಳುಗಳಿಗೆ, ಬಂದವರಿಗೆ. ಮುದ್ದೆ ತಿರುವಿದವಳಿಗೆ ಕಡೆಗೆ. ಮುದ್ದೆಯನ್ನು ಬಿಸಿಯಾಗಿದ್ದಾಗಲೇ ನುಂಗಬೇಕು, ಆರಿದರೆ ಗಂಟಲಿಗಿಳಿಯುವುದಿಲ್ಲ. ಅಕ್ಕನ ಪಾಲಿಗೆ ಬರುತ್ತಿದ್ದದ್ದು ಆರಿ ಮೇಲೆ ಒಣ ಪೊರೆ ಕಟ್ಟಿದ ಮುದ್ದೆಯೇ. ಅವಳ ಅಮ್ಮನೂ ಹಾಗೇ ಉಂಡವಳು, ನನ್ನ ಅತ್ತೆಯೂ ಹಾಗೇ. ಯಾರೂ ಅದನ್ನೊಂದು ಸುದ್ದಿ ಎಂದುಕೊಂಡವರಲ್ಲ.

ಹುಳು ಪೊರೆ ಬಿಡುವ ಮುಂಚೆ ಒಂದು ದಿನ ತಲೆಯೆತ್ತಿಕೊಂಡು ಅಲ್ಲಾಡದೆ ನಿಲ್ಲುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆಗ ಅದಕ್ಕೆ ಸೊಪ್ಪು ಬೇಡ, ಅದನ್ನು ಯಾರೂ ಮುಟ್ಟುವಂತಿಲ್ಲ. ಅಕ್ಕ ಸೊಂಟ ನೆಟ್ಟಗೆ ಮಾಡುತ್ತಿದ್ದದ್ದು ಆ ಒಂದು ದಿನ ಮಾತ್ರ. ಅವತ್ತೂ ಪೂರ್ತಿ ಮಲಗಿದ್ದನ್ನು ನಾನು ಕಾಣೆ.

ನನ್ನ ಗಂಡ ನಿವೃತ್ತರಾದ ವರ್ಷ, ನಾಲ್ಕೂ ಜನ ಎಲ್ಲಾದರೂ ಹೋಗಿ ಒಂದು ವಾರ ಕಾಲು ಚಾಚಿ ಬರೋಣ ಎಂದು ಥಾಯ್ಲೆಂಡಿನ ಕಡಲತೀರಕ್ಕೆ ಹೊರಟೆವು. ಭಾವ ಆ ಸಲ ಒಂದು ಬೆಳೆ ಹುಳು ತರುವುದನ್ನೇ ಬಿಟ್ಟರು. ಅಷ್ಟು ಮಟ್ಟಿಗೆ ಅವರನ್ನು ಮೆಚ್ಚಬೇಕು. ಆದರೆ ಅಣ್ಣತಮ್ಮಂದಿರಿಬ್ಬರೂ ಸೇರಿ ಹುಡುಕಿ ಹುಡುಕಿ ಅಡುಗೆಮನೆ ಇರುವ ರೂಮನ್ನೇ ಗೊತ್ತುಮಾಡಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ಹೆಮ್ಮೆ ನೋಡಬೇಕಿತ್ತು! ಅಕ್ಕನ ಪೆಟ್ಟಿಗೆಯಲ್ಲಿ ಎರಡು ಸೀರೆ, ಉಳಿದದ್ದೆಲ್ಲ ರಾಗಿಹಿಟ್ಟು, ಹುಳಿಪುಡಿ, ಅವರೆಕಾಳು. ಮೂಲೆಯಿಂದ ಮೂಲೆಗೆ ಓರೆಯಾಗಿ ಮುದ್ದೆ ಕೋಲು.

ಮೊದಲ ದಿನ ಸಂಜೆ ದಂಡೆಗೆ ಇಳಿದೆವು. ಸಾಲಾಗಿ ಹಾಕಿದ ಕುರ್ಚಿಗಳ ಮೇಲೆ ಬಿಳಿಯ ಗಂಡಸರು ಹೆಂಗಸರು ಕಣ್ಣು ಮುಚ್ಚಿಕೊಂಡು ಬಿದ್ದಿದ್ದರು. ಅಕ್ಕ ಬಹಳ ಹೊತ್ತು ನೋಡಿದಳು.

"ಇವ್ರೆಲ್ಲ ಏನ್ ಕಾಯ್ತಾವ್ರೇ?"

"ಏನೂ ಇಲ್ಲಕ್ಕ, ಸುಮ್ನೆ ಮಲಗವ್ರೆ."

"ಸುಮ್ನೇನಾ? ಜ್ವರಕ್ಕೆ ಕೂತವ್ರಾ?" ಎಂದು ನಕ್ಕಳು.

ಮಾರನೆಯ ದಿನದಿಂದ ನಮ್ಮ ವಿಶ್ರಾಂತಿ ಶುರುವಾಯಿತು. ಹೋಟೆಲಿನಲ್ಲಿ ಒಂದು ಹೊತ್ತು ತಿಂದಿದ್ದಕ್ಕೇ ಭಾವನಿಗೆ ಎಲ್ಲವೂ ಸಿಹಿ, ಎಲ್ಲವೂ ಮೀನು ವಾಸನೆ. ನಮ್ಮವರು ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಣ್ಣನ ಮಾತಿಗೆ ತಲೆಯಾಡಿಸಿದರು. ಅಕ್ಕ ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಮುದ್ದೆ, ಸಂಜೆಗೆ ಅನ್ನ, ತಿಳಿಸಾರು ಮಾಡಿದಳು. ಗಂಡಸರು ಸಮುದ್ರದಲ್ಲಿ ಮುಳುಗೆದ್ದು ಹಸಿದು ಬರುತ್ತಿದ್ದರು, ಉಂಡು ಮಲಗುತ್ತಿದ್ದರು. ನಾನು ತರಕಾರಿ ಹೆಚ್ಚುತ್ತಿದ್ದೆ, ಪಾತ್ರೆ ತೊಳೆಯುತ್ತಿದ್ದೆ. ಮುದ್ದೆಗೆ ಕೈಹಾಕಲು ಅಕ್ಕನೇ ಬಿಡುತ್ತಿರಲಿಲ್ಲ. ನಾನು ತಿರುವಿದರೆ ಗಂಟಾಗುತ್ತದೆಂದು ಊರಿಗೆಲ್ಲ ಗೊತ್ತು. ಅಡುಗೆಮನೆಯ ಕಿಟಕಿಯಿಂದ ಸಮುದ್ರದ ಒಂದು ಚೂರು ಕಾಣುತ್ತಿತ್ತು. ಕೈಬಿಡುವಾದಾಗ ಅಕ್ಕ ಬೋಗುಣಿ ಹಿಡಿದು ಕೆಳಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದಳು, ಅದೂ ನಾಳೆಯ ಸಾರಿಗೆ ಅವರೆ ಹಿತಕಲು. ಸುತ್ತ ಮಲಗಿದವರು ಕನ್ನಡಕ ಸರಿಸಿ ನೋಡುತ್ತಿದ್ದರು. ನನಗೆ ನಗು ಬರುತ್ತಿತ್ತು, ಜೊತೆಗೆ ಎಂಥದ್ದೋ ಸುಸ್ತು.

ಅಲ್ಲೇ ಹತ್ತಿರ ಒಬ್ಬ ಮುದುಕಿ ಗಾಡಿಯಲ್ಲಿ ಅನ್ನ ಮಾರುತ್ತಿದ್ದಳು. ಯಾರಾದರೂ ಬಂದು ಕೂತರೆ ಹೊಗೆಯಾಡುವ ಅನ್ನದ ಮೇಲೆ ಆಗಷ್ಟೇ ಬಾಣಲೆಗೆ ಹುಯ್ದ ಮೊಟ್ಟೆ ಜಾರಿಸಿ ಕೊಡುವಳು. ಅಕ್ಕ ಹಿತಕುತ್ತಲೇ ಅದನ್ನು ನೋಡುತ್ತಿದ್ದಳು.

"ಅಲ್ನೋಡೇ. ಬಂದು ಕೂತ್ಕೊಂತಾರೆ, ಬಿಸಿದು ಮುಂದಕ್ಕೆ ಬತ್ತದೆ. ನಂಗೂ ಹಂಗೆ ಒಂದು ದಿನ ತಿನ್ಬೇಕು ಕಣೇ. ಏಳ್ದಂಗೆ."

ಏಳದ ಹಾಗೆ... ಅವಳು ಇಷ್ಟೇ ಕೇಳಿದ್ದು. ನನ್ನ ನೆನಪಿನಲ್ಲಿ ಅಕ್ಕ ತನಗಾಗಿ ಬಾಯಿಬಿಟ್ಟು ಏನನ್ನಾದರೂ ಬೇಕು ಅಂದದ್ದು ಅದೇ ಮೊದಲು.

ಹೊರಡುವ ಹಿಂದಿನ ದಿನ ಭಾವ, "ಇವತ್ತು ಕಡೇ ದಿನ, ಹಿತಕಿದ ಅವರೆ ಸಾರು, ಮುದ್ದೆ ಜೋರಾಗಿರ್ಲಿ" ಎಂದು ಹೇಳಿ ತಮ್ಮನ ಜೊತೆ ನೀರಿಗೆ ಹೋದರು. ಅಕ್ಕ ಎಸರಿಟ್ಟಳು. ಕುದಿ ಬಂತು. ಹಿಟ್ಟಿನ ಪಾತ್ರೆ ಕೈಯಲ್ಲಿ ಹಿಡಿದವಳು ಕಿಟಕಿಯ ಕಡೆ ನೋಡುತ್ತ ನಿಂತೇ ಇದ್ದಳು. ಆಮೇಲೆ ಒಲೆ ಆರಿಸಿದಳು.

"ಹೋಗಣ ನಡಿ."

"ಅವರ ಊಟ?"

"ಹೊಟ್ಟೆ ಅಸ್ದ್ರೆ ಬತ್ತಾರೆ ನಡಿಯೇ."

ಮುದುಕಿ ನಮ್ಮಿಬ್ಬರನ್ನೂ ಕೂರಿಸಿ ತಟ್ಟೆ ಇಟ್ಟಳು. ಅಕ್ಕ ಅಭ್ಯಾಸಬಲದಿಂದ ತನ್ನ ತಟ್ಟೆಯನ್ನು ನನ್ನ ಮುಂದಕ್ಕೆ ನೂಕಿದಳು. ನನ್ನ ಮುಂದೆ ಆಗಲೇ ಒಂದಿತ್ತು. ಮುದುಕಿ ನಕ್ಕು ಆ ತಟ್ಟೆಯನ್ನು ಮತ್ತೆ ಅಕ್ಕನ ಮುಂದೆ ಸರಿಸಿ, ತಿನ್ನು ಎಂದು ಕೈಸನ್ನೆ ಮಾಡಿದಳು. ಅಕ್ಕ ದೊಡ್ಡ ತುತ್ತು ಕಲಸಿ ಬಾಯಿಗಿಟ್ಟಳು. ಇಟ್ಟವಳೇ ಹಾ ಎಂದು ಬಾಯಿ ತೆರೆದು ಕೈಯಿಂದ ಗಾಳಿ ಬೀಸಿಕೊಂಡಳು. ಕುದಿಯುವ ಹಂಡೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದ ಹೆಂಗಸು. ಆ ಕೈಗೆ ಬಿಸಿ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ನೀರು ಕೊಟ್ಟೆ. ಕಣ್ಣು ತುಂಬಿತ್ತು.

"ಯಾಕಕ್ಕ?"

"ಬಿಸಿ ಕಣೇ," ಎಂದಳು. ತಟ್ಟೆಯಲ್ಲಿ ಒಂದು ಅಗುಳೂ ಬಿಡದ ಹಾಗೆ ಉಂಡಳು. "ಊರಿಗೋದ್ಮೇಲೆ ಮುದ್ದೇನೂ ಒಂದು ದಿನ ಇಂಗೇ ತಿನ್ಬೇಕು."

ಉಂಡ ಮೇಲೆ ಖಾಲಿ ಕುರ್ಚಿ ನೋಡಿ ಮಲಗಿದಳು. ಮಡಿಲಲ್ಲಿ ಬೋಗುಣಿ ಇರಲಿಲ್ಲ. ಸೆರಗನ್ನು ಮುಖಕ್ಕೆಳೆದುಕೊಂಡದ್ದೇ ತಡ, ನಿದ್ದೆ ಬಂದುಬಿಟ್ಟಿತು. ಗಂಡಸರು ರೂಮಿನಲ್ಲಿ ಬರೀ ಎಸರು ಕಂಡು ನಮ್ಮನ್ನು ಹುಡುಕಿಕೊಂಡು ಬಂದರು. ನಮ್ಮವರು, "ಅತ್ತಿಗೇ" ಎಂದು ಕೂಗಲು ಹೊರಟರು. ಭಾವ ಅವರ ರಟ್ಟೆ ಹಿಡಿದರು.

"ಜ್ವರಕ್ಕೆ ಕೂತವ್ಳೆ, ಮುಟ್ಬೇಡ ಕಣೋ."

ಇಬ್ಬರೂ ಮುದುಕಿಯ ಗಾಡಿಯ ಮುಂದೆ ಕೂತು, ಮುಖ ಕಿವುಚಿಕೊಂಡು, ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಅಕ್ಕ ಬಿಸಿಲು ಇಳಿಯುವವರೆಗೂ ಏಳಲಿಲ್ಲ.

ಊರಿಗೆ ಬಂದ ಮೇಲೆ ಮತ್ತೆ ಹಳೆಯ ಸರದಿಯೇ ಆಯಿತು. ಹುಳು ಮರಿ ಬಂತು, ಸೊಪ್ಪು ಕೊಯ್ಯಬೇಕಾಯಿತು, ಆಳು ಸಿಗಲಿಲ್ಲ. ಹಬ್ಬಕ್ಕೆ ಹೋದಾಗ ನಾನು ಕೋಲು ಹಿಡಿಯಲು ಹೋದರೆ, "ಗಂಟು ಮಾಡ್ತೀಯ ಸರಿಯಮ್ಮ" ಎಂದು ಕಿತ್ತುಕೊಳ್ಳುತ್ತಿದ್ದಳು. ಒಂದೊಂದು ಸಲ ನನ್ನ ಕಿವಿಯ ಹತ್ತಿರ ಬಂದು, "ಸಮುದ್ರದ ತಾವ ನಾಲಿಗೆ ಸುಟ್ಕೊಂಡಿದ್ನಲ್ಲ" ಎಂದು ನಗುತ್ತಿದ್ದಳು. ಮೂರನೆಯ ಚಳಿಗಾಲ ಅವಳಿಗೆ ಬರಲಿಲ್ಲ. ಒಂದು ಮಧ್ಯಾಹ್ನ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು, ಅಷ್ಟೇ.

ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಎಡೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ನಿಲ್ಲುವುದು ನಮ್ಮಲ್ಲಿ ಪದ್ಧತಿ. ಅವರು ಉಂಡ ಮೇಲೆಯೇ ಉಳಿದವರಿಗೆ ಊಟ. ಅವತ್ತು ಭಾವ ತಾವೇ ಎಸರಿಟ್ಟರು. ಹೆಂಗಸರು, "ನಾವು ಮಾಡ್ತೀವಿ ಬಿಡಿ" ಎಂದರೂ ಕೋಲು ಕೊಡಲಿಲ್ಲ. ಗಂಟುಗಂಟಾದ ಒಂದು ಮುದ್ದೆಯನ್ನು ಹೊಗೆಯಾಡುತ್ತಿರುವಾಗಲೇ ಓಡುತ್ತ ತಂದು ಎಲೆಗಿಟ್ಟರು. ಆ ಮನೆಯಲ್ಲಿ ಅಕ್ಕನಿಗೆ ಮೊದಲು ಬಡಿಸಿದ್ದು ಅವತ್ತು. ಬಾಗಿಲ ಹೊರಗೆ ನಿಂತು ನಾನು ಬಿಕ್ಕಿಬಿಕ್ಕಿ ಅತ್ತೆ.

ಬಾಗಿಲು ತೆಗೆದಾಗ ಮುದ್ದೆ ಇಟ್ಟಲ್ಲೇ ಇತ್ತು. ಭಾವ ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದರು.

"ಆರೋಯ್ತಲ್ಲ," ಎಂದರು.

ಈಗ ಮಧ್ಯಾಹ್ನ. ಸಾರು ಕುದಿದು ಮನೆಯೆಲ್ಲ ಅವರೆಯ ಘಮ. ಅಕ್ಕ ಇಲ್ಲದ ಅವರೆ ಕಾಲ ನನಗೆ ಇನ್ನೂ ರೂಢಿಯಾಗಿಲ್ಲ. ಮುದ್ದೆ ತಿರುವಿದೆ. ಗಂಟಾಯಿತು. ಎರಡು ತಟ್ಟೆಗೂ ಹಾಕಿ, ಇವರು ಟಿವಿ ಮುಂದಿನಿಂದ ಎದ್ದು ಬರುವುದನ್ನು ಕಾಯದೆ ಕೂತು, ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ನಾಲಿಗೆ ಸುಟ್ಟಿತು. ಇವರು ಬಂದು ನನ್ನ ಮುಖ ನೋಡಿದರು.

"ಯಾಕೆ, ಕಣ್ಣಲ್ಲಿ ನೀರು?"

"ಬಿಸಿ," ಎಂದೆ.

ಅವರು ಫ್ಯಾನು ಹಾಕಲು ಹೋದರು.