ನೀರುಗಂಟಿಯ ಡ್ರಿಪ್ಪು

ಸತ್ತೇಗಾಲದ ಗದ್ದೆಗಳಿಗೆ ಮಡೆ ತೆಗೆದು ನೀರು ಬಿಡುವ ನೀರುಗಂಟಿ ತಿಂಗಳಿಗೊಮ್ಮೆ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಗೆ ಬರುತ್ತಿದ್ದರು. ಇಬ್ಬರ ರಕ್ತದಲ್ಲೂ ರೋಗ ತಡೆಯುವ ಪ್ರತಿಕಾಯಗಳು ಕಡಿಮೆ. ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ನಮಗೆ ಹನಿಹನಿಯಾಗಿ ಏರಿಸುತ್ತಿದ್ದರು.

ಒಮ್ಮೆ ಅವರ ಹೆಂಡತಿ ಅದನ್ನು ಗ್ಲೂಕೋಸೆಂದೇ ತಿಳಿದು ನರ್ಸಿಗೆ, "ಬಸ್ಸು ಓಯ್ತದೆ, ಬಿರ್ನೆ ಬುಡವ್ವ" ಎಂದರು.

ನೀರುಗಂಟಿ ಕೈಯೆತ್ತಿ ತಡೆದರು. "ಮಡೆ ಪೂರಾ ತೆಗೀಬ್ಯಾಡ ಕಣವ್ವ. ಜೋರಾಗಿ ಬುಟ್ರೆ ಚಳಿ ಬತ್ತದೆ, ತಲೆ ಸಿಡೀತದೆ."

ಡಾಕ್ಟರ ಮಾತನ್ನು ಹೀಗೆ ಗದ್ದೆಯ ಮಾತಿಗೆ ತಿರುಗಿಸಿಕೊಂಡು, ಪ್ರತಿ ಸಲವೂ ಹೇಳುತ್ತಿದ್ದರು.

ಪ್ರತಿ ಮಳೆಗಾಲದಲ್ಲೂ ಎದೆಗೆ ಕಫ ಕಟ್ಟಿ ಮಲಗುತ್ತಿದ್ದವರು ಈ ಸಲ ಮಲಗಲೇ ಇಲ್ಲ. ನಾಲೆಗೆ ನೀರು ಬಿಟ್ಟ ದಿನ ಫೋನ್ ಮಾಡಿದೆ. ಹಿಂದೆ ನೀರಿನ ಭೋರ್ಗರೆತ.

"ಗದ್ದೇಲಿವ್ನಿ ಸಾ. ಇವತ್ತು ಮಡೆ ಪೂರಾ ತೆಗ್ದಿವ್ನಿ."