ಕೇಳಿ ಒಯ್ದ ಹೆಪ್ಪು

ಗಂಡನ ಮಣ್ಣು, ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಗು. ಚಿತ್ರದುರ್ಗದ ಸಂಶೋಧನಾ ಕೇಂದ್ರವೊಂದರಲ್ಲಿ ಕಾವ್ಯಶ್ರೀ ಹಾಲಿನ ಬಟ್ಟಲನ್ನು ಮೆಲ್ಲಗೆ ಓರೆ ಮಾಡುತ್ತಾಳೆ. ಹಾಲು ಅಲುಗುವುದಿಲ್ಲ. ಗಟ್ಟಿಯಾಗಿ ನಿಂತಿದೆ. ಅವಳು ಉಸಿರು ಬಿಡುತ್ತಾಳೆ.

ಮೊಸರಿನಲ್ಲಿ, ಅದನ್ನು ಉಣ್ಣುವವರ ಹೊಟ್ಟೆಯಲ್ಲಿ ಬದುಕುವ ಸೂಕ್ಷ್ಮಜೀವಿಗಳ ಅಧ್ಯಯನ ಇಲ್ಲಿ ನಡೆಯುತ್ತದೆ. ವರದಿಯಲ್ಲಿ ವಿಜ್ಞಾನಿಗಳ ಹೆಸರಿರುತ್ತದೆ. ಕುರಿಹಟ್ಟಿಗಳ ಜಗಲಿಯಲ್ಲಿ ಕುಳಿತು ಮಾದರಿ ಕೇಳಿ ತರುವವಳು ಎಂ.ಎಸ್ಸಿ. ಓದಿದ ಕಾವ್ಯಶ್ರೀ. ಜೀಪು ಓಡಿಸುತ್ತಿದ್ದವನು ಗಂಡ ಮಂಜಣ್ಣ. "ಎಲ್ಲಿಗೆ ಹೋಗ್ತೈತೆ ಅಂತ ಹೇಳದೆ ಒಂದು ಚಮಚಾನೂ ಎತ್ತಬಾರದು ಅನ್ನೋರು," ಎಂದು ಅವನನ್ನು ನೆನೆಯುತ್ತಾಳೆ.

ವರ್ಷಗಳ ಹಿಂದೆ ಧರ್ಮಪುರದಾಚೆಯ ತನ್ನ ಹಟ್ಟಿಯಿಂದಲೂ ಅವನು ಹೆಪ್ಪು ತಂದಿದ್ದ, ಕಡವೆಂದೇ ಹೇಳಿ. ಆಗ ಕೇಂದ್ರಕ್ಕೆ ಬಂದು ಸೂಕ್ಷ್ಮದರ್ಶಕದಲ್ಲಿ ಇಣುಕಿದ ಅವನ ದೊಡ್ಡಮ್ಮ ಕೆಂಚಕ್ಕ ಬೆರಗಾಗಿದ್ದಳು: "ಲೇ ಮಂಜ, ನಮ್ಮ ಕುರಿಗಿಂತ ಜಾಸ್ತಿ ಅವೆ. ಕಾಯೋರು ಯಾರಲೇ?"

"ನೀನೇ, ದೊಡ್ಡವ್ವ."

ಸಾವಾದ ಮನೆಯವರು ಮೊಸರು ಚೆಲ್ಲಿ, ಸೂತಕ ಕಳೆದ ಮೇಲೆ ಪಕ್ಕದ ಮನೆಯ ಹೆಪ್ಪು ತರುವುದು ಆ ಹಟ್ಟಿಯ ರೂಢಿ. ತಲೆಮಾರುಗಳ ಮೊಸರು ಬದುಕಿದ್ದು ಹಾಗೆ. ಆದರೆ ಮಂಜಣ್ಣ ಎಲ್ಲ ಮನೆಗೂ ಮಗ; ಅವನು ಸತ್ತಾಗ ಎಲ್ಲರಿಗೂ ಸೂತಕ. ಪಕ್ಕದ ಮನೆಯಲ್ಲಿ ಇದ್ದೇ ಇರುತ್ತದೆಂದು ಪ್ರತಿ ಮನೆಯೂ ಚೆಲ್ಲಿದೆ. ಉಳಿದದ್ದು ಕೇಂದ್ರದ ಶೀತಪೆಟ್ಟಿಗೆಯಲ್ಲಿದ್ದ, ಅವನು ತಂದ ಹೆಪ್ಪಿನ ಒಂದು ಚೂರು ಮಾತ್ರ.

ಅದನ್ನು ಮೊಸರಿನ ಕಂಪನಿಯೊಂದೂ ಕೇಳುತ್ತಿತ್ತು. ನಿನ್ನೆ ಕಾವ್ಯಶ್ರೀ ಅದನ್ನು ಕೇಳಿದಾಗ ಕೇಂದ್ರದ ಮುಖ್ಯಸ್ಥ ಗುರುರಾಜ್ ಹಿಂದೆಮುಂದೆ ನೋಡಿದ್ದರು. "ಕಂಪನಿಯವರನ್ನ ಕೇಳದೆ ಹೊರಗೆ ಕೊಡೋ ಹಾಗಿಲ್ಲಮ್ಮ, ಒಪ್ಪಂದ ಆಗಿದೆ."

"ಹಟ್ಟಿಯೋರನ್ನ ಯಾರು ಕೇಳಿದ್ರು ಸಾರ್? ಅವರು ಕೊಟ್ಟಿದ್ದು ನೋಡೋಕೆ."

ಅವರು ಶೀತಪೆಟ್ಟಿಗೆಯ ಬೀಗದ ಕೈ ಮುಂದಿಟ್ಟಿದ್ದರು. "ತಗೋ. ಕಂಪನಿಗೆ ನಾನು ಹೇಳ್ತೀನಿ."

ಆ ಚೂರೇ ರಾತ್ರಿಯಿಡೀ ಹಾಲಿನಲ್ಲಿದ್ದು ಎದ್ದುಬಂದಿದೆ. ವರ್ಷಗಟ್ಟಲೆ ಕಲ್ಲಾಗಿ ಮಲಗಿದ್ದ ಜೀವ ಹೀಗೆ ಏಳುವುದನ್ನು ಪುಸ್ತಕದಲ್ಲಿ ಓದಿದವಳೂ ಮತ್ತೆ ಮತ್ತೆ ಬಟ್ಟಲು ನೋಡುತ್ತಾಳೆ.

ಮಧ್ಯಾಹ್ನ ಬಟ್ಟಲು ಹಿಡಿದು ಹಟ್ಟಿಗೆ ಬಂದ ಅವಳ ಸುತ್ತ ಹೆಂಗಸರು ನೆರೆಯುತ್ತಾರೆ. ಕೆಂಚಕ್ಕ ಮೂಸುತ್ತಾಳೆ, ಬೆರಳದ್ದಿ ನೆಕ್ಕುತ್ತಾಳೆ.

"ನಮ್ದೇ!" ಮತ್ತೊಮ್ಮೆ ನೆಕ್ಕುತ್ತಾಳೆ. "ಸತ್ತೇಹೋಯ್ತು ಅಂದ್ಕಂಡಿದ್ದೆ ಕಣೇ."

ಕಂಪನಿಯ ವಿಷಯ ತಿಳಿಸಿದರೆ ನಗುತ್ತಾಳೆ. "ಬಂದು ಕೇಳ್ಲಿ. ಮಜ್ಜಿಗೆ ಕೊಟ್ಟು ಕುಂದ್ರಿಸ್ತೀವಿ. ಆಮೇಲೆ ನಾವೆಲ್ಲ ಕೂಡಿ ಹೇಳ್ತೀವಿ, ಕೊಡ್ತೀವೋ ಇಲ್ವೋ ಅಂತ."

ಕಾವ್ಯಶ್ರೀ ಬಟ್ಟಲನ್ನು ಎರಡೂ ಕೈಯಿಂದ ಅವಳ ಮಡಿಲಿಗೆ ಸರಿಸುತ್ತಾಳೆ.

"ನಮ್ಮನೆಯವರು ಕಡ ತಂದಿದ್ದು, ದೊಡ್ಡತ್ತೆ. ತಗಳ್ರಿ."