ಹೂವಪ್ಪನ ಬೋಳು ಬ್ರಶ್ಶು

ಕಾಪುವಿನ ಹೂವಪ್ಪ ಮೂವತ್ತು ವರ್ಷ ದೋಣಿಗಳಿಗೆ ಹೆಸರು ಬರೆದವನು. ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ ದೋಣಿಗಳು ದಡ ಹತ್ತಿದರೆ ಇವನಿಗೆ ಸುಗ್ಗಿ. ಉಪ್ಪು ತಿಂದ ಹಲಗೆ, ಅರ್ಧ ಕೂದಲು ಉದುರಿದ ಬ್ರಶ್ಶು, ಮೇಲಿಂದ ಕಡಲ ಗಾಳಿ. ಅಕ್ಷರ ನುಣ್ಣಗೆ ಬರಬೇಕೆಂದರೆ ಎಲ್ಲಿಂದ ಬರಬೇಕು? ಗೀರುಗೀರಾಗಿ, ಬಾಲ ಹರಿದುಕೊಂಡು ಬರುತ್ತಿತ್ತು. ಆ ನಾಚಿಕೆ ಅವನಿಗೆ ಮೊದಲಿನಿಂದಲೂ ಇತ್ತು.

ಹೋದ ವರ್ಷ ತಾರಾನಾಥ ಆ ಗಾಯಕ್ಕೆ ಉಪ್ಪು ಸವರಿದ. ಹದಿನೆಂಟು ವರ್ಷ ತನ್ನ ‘ಕಡಲಸಿರಿ’ ದೋಣಿಗೆ ಹೂವಪ್ಪನಿಂದಲೇ ಹೆಸರು ಬರೆಸಿದ ಮನುಷ್ಯ, “ಹೂವಪ್ಪಣ್ಣ, ನಿಮ್ಮದು ಕಾಗೆ ಕಾಲು ಗುಬ್ಬಿ ಕಾಲು ಮಾರಾಯ್ರೆ. ಈ ಸಲ ಸ್ಟಿಕ್ಕರ್ ಹಾಕಿಸ್ತೇನೆ” ಎಂದುಬಿಟ್ಟ. ಒಬ್ಬ ಹೇಳಿದ್ದೇ ತಡ, ಉಳಿದವರೂ ಸ್ಟಿಕ್ಕರ್ ಅಂಗಡಿಯ ದಾರಿ ಹಿಡಿದರು. ಇನ್ನು ಒಂದು ದೋಣಿಗೂ ಹೆಸರು ಬರೆಯದೆ ಸಾಯುತ್ತೇನೋ ಎಂದು ಹೂವಪ್ಪ ಹೆದರಿದ.

ಹಾಗಿರುವಾಗ ಮಣಿಪಾಲದಲ್ಲಿ ವಿನ್ಯಾಸ ಕಲಿಯುವ ಚೈತಾಲಿ ಮನೆ ಹುಡುಕಿಕೊಂಡು ಬಂದಳು. ಅವನ ಅಕ್ಷರಗಳನ್ನೇ ಕಂಪ್ಯೂಟರಿಗೆ ಹಾಕಿ, ಯಾರು ಬೇಕಾದರೂ ಬಳಸುವಂಥ ಫಾಂಟ್ ಮಾಡುತ್ತಾಳಂತೆ. ಹೂವಪ್ಪ ಹಿಗ್ಗಿ ಹೀರೆಕಾಯಿಯಾದ. ಉಡುಪಿಗೆ ಹೋಗಿ ಹೊಸ ಬ್ರಶ್ಶು ತಂದು, ಉಸಿರು ಬಿಗಿಹಿಡಿದು, ಇಡೀ ವರ್ಣಮಾಲೆಯನ್ನು ಮುತ್ತು ಪೋಣಿಸಿದಂತೆ ಬರೆದು ಕೊಟ್ಟ. ಹುಡುಗಿಯ ಮುಖ ಬಾಡಿತು.

“ಅಂಕಲ್, ಇದು ಶಾಲೆಯ ಗೋಡೆಯಲ್ಲಿ ಬರೆದ ಹಾಗೆ ಉಂಟು. ನನಗೆ ದೋಣಿಯ ಅಕ್ಷರ ಬೇಕು, ಒರಟು ಒರಟಾಗಿ.”

“ಅದು ನನ್ನ ತಪ್ಪಲ್ವಾ ಮಗಾ? ತಪ್ಪನ್ನು ಯಾರಾದರೂ ಅಚ್ಚು ಹಾಕಿಸ್ತಾರಾ?”

ಹೆಂಡತಿ ನಳಿನಾಕ್ಷಿ ಒಳಗೆ ಹೋದಳು. ಹೊಲಿಗೆ ಮೆಶಿನಿನ ಧೂಳು ತೆಗೆಯಲು ಇಟ್ಟುಕೊಂಡಿದ್ದ ಅವನದೇ ಬೋಳು ಬ್ರಶ್ಶು ತಂದು ಮುಂದಿಟ್ಟಳು. “ಇದರಲ್ಲಿ ಬರೆಯಿರಿ. ಕೂತುಕೊಂಡು ಅಲ್ಲ, ನಿಂತು.”

ಹಳೆಯ ದೋಣಿ ಹಲಗೆಯೊಂದನ್ನು ಗೋಡೆಗೆ ಒರಗಿಸಿ ಹೂವಪ್ಪ ಬರೆದ. ಬಾಲಗಳು ಹರಿದವು. ಚೈತಾಲಿ ಚಪ್ಪಾಳೆ ತಟ್ಟಿದಳು.

ಈ ಮಳೆಗಾಲದಲ್ಲಿ ತಾರಾನಾಥ ಮೊಬೈಲು ಹಿಡಿದುಕೊಂಡು ಬಂದ. “ಸ್ಟಿಕ್ಕರ್ ಒಂದೇ ವರ್ಷಕ್ಕೆ ಎದ್ದು ಹೋಯಿತು ಹೂವಪ್ಪಣ್ಣ. ಇದು ನೋಡಿ, ಕಾರ್ಕಳದ ಹೊಸ ಹೋಟೆಲಿನ ಬೋರ್ಡು. ಮಣಿಪಾಲದ ಡಿಸೈನ್ ಅಂತೆ. ಎಂತ ಗತ್ತು! ಹೀಗೆ ಬರೆಯಲಿಕ್ಕೆ ನಿಮ್ಮಿಂದ ಆಗ್ತದಾ?”

ಹೂವಪ್ಪ ನೋಡಿದ. ಪ್ರತಿಯೊಂದು ಹರಿದ ಬಾಲವೂ ತನ್ನದೇ. ಹೇಳಿದರೆ ಇವ ನಂಬುವ ಜಾತಿಯವನಲ್ಲ.

“ನೋಡುವ,” ಎಂದ.

ದಡದಲ್ಲಿ ನಿಂತು ‘ಕಡಲಸಿರಿ’ ಎಂದು ಬರೆದ. ತಾರಾನಾಥ ಮೊಬೈಲನ್ನು ದೋಣಿಯ ಪಕ್ಕಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಹೋಲಿಸಿದ.

“ಹತ್ತಿರ ಹತ್ತಿರ ಬಂತು. ಆದರೆ ಬೋರ್ಡಿನಷ್ಟು ಇಲ್ಲ. ಸ್ವಲ್ಪ ಪ್ರಾಕ್ಟೀಸ್ ಮಾಡಿ.”

“ಮಾಡ್ತೇನೆ. ಮುಂದಿನ ವರ್ಷವೂ ಬರೆಯಲಿಕ್ಕೆ ಉಂಟಲ್ವಾ?”

“ಮತ್ತೆ? ನೀವಲ್ಲದೆ ಯಾರು ಮಾರಾಯ್ರೆ?”

ಹೂವಪ್ಪ ಬಣ್ಣದ ಡಬ್ಬ ಎತ್ತಿಕೊಂಡು ದೋಣಿಯ ಆಚೆ ಬದಿಗೆ ಹೋದ. ಅಲ್ಲಿಯೂ ಹೆಸರು ಬರೆಯಲಿಕ್ಕಿತ್ತು. ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಳ್ಳಲು ಜಾಗವೂ ಇತ್ತು.